ಆಟದ ಕೋಣೆ ಕಟ್ಟಿದ ತಂದೆ



ಮನೆ ಆಶೀರ್ವಾದಕ್ಕೆಂದು ಹೋದಾಗ ನಮ್ಮ ಕಣ್ಣಿಗೆ ಬೀಳುವ ಒಂದು ನೋಟ ನನಗೆ ಬಹಳ ಇಷ್ಟ. ಕೆಲಸದಿಂದ ಬಂದ ತಂದೆ ನೆಲದ ಮೇಲೆ ಕಾಲು ಮಡಚಿ ಕುಳಿತಿರುತ್ತಾರೆ. ಸುತ್ತಲೂ ಮಗುವಿನ ಆಟದ ಬ್ಲಾಕುಗಳು ಹರಡಿರುತ್ತವೆ. ಮಗು ಆಟ ಸಾಕಾಗಿ ಎಂದೋ ಅಡುಗೆಮನೆಗೆ ಹೋಗಿರುತ್ತದೆ. ತಂದೆ ಮಾತ್ರ ಗೋಪುರಕ್ಕೆ ಇನ್ನೊಂದು ಅಂತಸ್ತು ಏರಿಸುವುದರಲ್ಲಿ ಮೈಮರೆತಿರುತ್ತಾರೆ. ಬಾಗಿಲಲ್ಲಿ ಗುರುಗಳನ್ನು ಕಂಡೊಡನೆ ಏನೋ ತಪ್ಪು ಮಾಡಿದವರಂತೆ ಎದ್ದು ನಿಲ್ಲುತ್ತಾರೆ. ನಾಚಿಕೆ ಪಡಬೇಕಾದದ್ದು ಅದರಲ್ಲಿ ಏನೂ ಇಲ್ಲ. ಚಿಕ್ಕಂದಿನ ಆಟವನ್ನು ತಾನು ತಂದೆಯಾದ ಮೇಲೆ ಮತ್ತೆ ಕೈಗೆತ್ತಿಕೊಂಡು, ಅದಕ್ಕಾಗಿ ತನ್ನ ಮನೆಗೇ ಒಂದು ದೊಡ್ಡ ಕೋಣೆ ಸೇರಿಸಿ ಕಟ್ಟಿದ ಒಬ್ಬ ವ್ಯಕ್ತಿಯ ಜೀವನವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ಫ್ರಾಂಕ್ ಲಾಯ್ಡ್ ರೈಟ್. ಕಟ್ಟಡ ಕಲೆಯನ್ನು ಓದುವ ವಿದ್ಯಾರ್ಥಿಗಳು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಕೇಳಿರುವ ಹೆಸರು ಅದು. ಆದರೆ ಇದು ನೇರವಾದ, ಸುಖವಾದ ಕಥೆಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ರೈಟ್ ಹುಟ್ಟಿದ್ದು 1867ರ ಜೂನ್ 8ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಿಚ್‌ಲೆಂಡ್ ಸೆಂಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ವಿಲಿಯಂ ರೈಟ್ ಸಂಗೀತಗಾರರು, ಬೋಧಕರು. ಒಳ್ಳೆಯ ಮಾತುಗಾರರು, ಆದರೆ ಒಂದೂರಿನಲ್ಲಿ ನೆಲೆನಿಂತವರಲ್ಲ; ಕೈಯಲ್ಲಿ ಹಣ ಉಳಿಯುತ್ತಿರಲಿಲ್ಲ. ತಾಯಿ ಆನ್ನಾ ವೇಲ್ಸ್ ದೇಶದಿಂದ ಬಂದು ನೆಲೆಸಿದ ದೊಡ್ಡ ರೈತ ಕುಟುಂಬದವರು. ಮದುವೆಗೆ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದವರು. ಗಂಡ ಹೆಂಡತಿಗೆ ಹೊಂದಿಕೆ ಇರಲಿಲ್ಲ. ಆನ್ನಾ ತಮ್ಮ ಆಸೆಯನ್ನೆಲ್ಲ ಮಗನ ಮೇಲೆ ಇಟ್ಟರು.

1876ರಲ್ಲಿ ಅಮೆರಿಕ ಸ್ವತಂತ್ರವಾಗಿ ನೂರು ವರ್ಷ ತುಂಬಿತು. ಆ ಸಂಭ್ರಮಕ್ಕೆ ಫಿಲಡೆಲ್ಫಿಯಾ ನಗರದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಜನ ಅಲ್ಲಿ ಬೆಲ್ ಅವರ ಟೆಲಿಫೋನನ್ನೂ ದೈತ್ಯ ಉಗಿಯಂತ್ರವನ್ನೂ ನೋಡಿ ಬೆರಗಾದರು. ಆನ್ನಾ ಅವರ ಮನಸ್ಸನ್ನು ಸೆಳೆದದ್ದು ಮಾತ್ರ ಒಂದು ಶಿಶುವಿಹಾರದ ಮೇಜಿನ ಮೇಲಿದ್ದ ಮರದ ತುಂಡುಗಳು. ಅವನ್ನು ಮಗನಿಗೆಂದು ಕೊಂಡು ತಂದರು. ಆಗ ಫ್ರಾಂಕ್‌ಗೆ ಒಂಬತ್ತು ವರ್ಷ. ನಿಜ ಹೇಳಬೇಕೆಂದರೆ ಅದು ಅವನ ವಯಸ್ಸಿನ ಆಟಿಕೆಯೇ ಅಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆಂದು ಮಾಡಿದ್ದು. ಆದರೆ ಹುಡುಗ ಅದನ್ನು ಬಿಡಲೇ ಇಲ್ಲ.

ಈ ಬ್ಲಾಕುಗಳ ಹಿಂದೆ ಇನ್ನೊಬ್ಬರ ಬದುಕಿದೆ, ಅದನ್ನೂ ಎರಡು ಮಾತಿನಲ್ಲಿ ಹೇಳಬೇಕು. ಜರ್ಮನಿಯ ಥುರಿಂಜಿಯಾ ಸೀಮೆಯಲ್ಲಿ 1782ರಲ್ಲಿ ಹುಟ್ಟಿದ ಫ್ರೆಡ್ರಿಕ್ ಫ್ರೋಬೆಲ್ ಒಬ್ಬ ಲೂಥರನ್ ಬೋಧಕರ ಮಗ. ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡು ಒಂಟಿಯಾಗಿ ಬೆಳೆದರು. ಬರ್ಲಿನ್‌ನಲ್ಲಿ ಹರಳುಗಳ ಶಾಸ್ತ್ರ ಕಲಿತರು. ಸಣ್ಣ ಉಪ್ಪಿನ ಹರಳಿನಲ್ಲೂ ಒಂದು ಕ್ರಮವಿರುವುದನ್ನು ಕಂಡು, ಸೃಷ್ಟಿಯಲ್ಲೆಲ್ಲ ದೇವರ ಒಂದೇ ನಿಯಮ ಹಾಸುಹೊಕ್ಕಾಗಿದೆ ಎಂದು ನಂಬಿದರು. ಆ ನಿಯಮವನ್ನು ಮಗು ಪುಸ್ತಕದಿಂದಲ್ಲ, ಕೈಯಿಂದಲೇ ಅರಿಯಲಿ ಎಂದು ಕೆಲವು ಆಟದ ವಸ್ತುಗಳನ್ನು ರೂಪಿಸಿ, ಅವಕ್ಕೆ ಕೊಡುಗೆಗಳು ಎಂದು ಹೆಸರಿಟ್ಟರು. ನಾವು ಇಂದು ಕಿಂಡರ್‌ಗಾರ್ಟನ್ ಎನ್ನುತ್ತೇವಲ್ಲ, ಆ ಪದ 1840ರಲ್ಲಿ ಅವರೇ ಇಟ್ಟದ್ದು; ಮಕ್ಕಳ ತೋಟ ಎಂದು ಅರ್ಥ. 1851ರಲ್ಲಿ ಪ್ರಷ್ಯಾ ಸರ್ಕಾರ ಈ ಶಾಲೆಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು.

ಅವರ ಮೊದಲ ಕೊಡುಗೆ ನೂಲಿನಿಂದ ಹೆಣೆದ ಆರು ಬಣ್ಣದ ಚೆಂಡುಗಳು. ಎರಡನೆಯದು ಮರದ ಗೋಳ, ಉರುಳೆ, ಘನ. ಮೂರನೆಯದರಿಂದ ಕಟ್ಟುವ ಆಟ ಶುರು: ಸಣ್ಣ ಪೆಟ್ಟಿಗೆಯಲ್ಲಿ ಎಂಟು ಪುಟ್ಟ ಘನಗಳು, ಎಂಟೂ ಸೇರಿದರೆ ಒಂದು ದೊಡ್ಡ ಘನ. ಮುಂದಿನವುಗಳಲ್ಲಿ ಇಟ್ಟಿಗೆಯಾಕಾರದ ತುಂಡುಗಳು, ಮೂಲೆಯಿಂದ ಮೂಲೆಗೆ ಕತ್ತರಿಸಿದ ತುಂಡುಗಳು ಬರುತ್ತವೆ. ಆಡುವುದಕ್ಕೂ ಒಂದು ಪದ್ಧತಿ ಇತ್ತು. ಪೆಟ್ಟಿಗೆಯನ್ನು ಬೋರಲಾಗಿ ಇಟ್ಟು, ಮುಚ್ಚಳವನ್ನು ಮೆಲ್ಲಗೆ ಎಳೆದು, ಪೆಟ್ಟಿಗೆಯನ್ನು ಮೇಲೆತ್ತಬೇಕು. ಆಗ ತುಂಡುಗಳು ಚೆಲ್ಲಾಪಿಲ್ಲಿಯಾಗದೆ ಒಂದು ಇಡೀ ಘನವಾಗಿ ಮಗುವಿನ ಮುಂದೆ ನಿಲ್ಲುತ್ತವೆ. ಕುರ್ಚಿಯೋ ಸೇತುವೆಯೋ ಗೋಪುರವೋ, ಏನನ್ನೇ ಕಟ್ಟಿದರೂ ಎಲ್ಲ ತುಂಡುಗಳನ್ನೂ ಬಳಸಬೇಕು. ಒಂದನ್ನೂ ಹೊರಗೆ ಬಿಡುವಂತಿಲ್ಲ. ಕಟ್ಟಿದ್ದನ್ನು ಒದ್ದು ಕೆಡವಬಾರದು. ಒಂದೊಂದೇ ತುಂಡನ್ನು ಸರಿಸುತ್ತ ಅದನ್ನೇ ಇನ್ನೊಂದಾಗಿ ಮಾರ್ಪಡಿಸಬೇಕು. ಆಟ ಮುಗಿದ ಮೇಲೆ ಮತ್ತೆ ಇಡೀ ಘನವಾಗಿ ಜೋಡಿಸಿ ಪೆಟ್ಟಿಗೆ ಮುಚ್ಚಬೇಕು. ವಾಚಕರು ಈ ನಿಯಮಗಳನ್ನು ನೆನಪಿನಲ್ಲಿಟ್ಟುಕೊಳ್ಳಲಿ.

ಫ್ರಾಂಕ್ ಆ ಮೇಪಲ್ ಮರದ ನುಣುಪಾದ ತುಂಡುಗಳೊಂದಿಗೆ ಗಂಟೆಗಟ್ಟಲೆ ಕೂರುತ್ತಿದ್ದ. ಅರವತ್ತು ದಾಟಿದ ಮೇಲೆ, 1932ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಅವುಗಳ ಸ್ಪರ್ಶ ತಮ್ಮ ಬೆರಳುಗಳಿಂದ ಎಂದೂ ಹೋಗಲಿಲ್ಲವೆಂದು ಬರೆದುಕೊಂಡರು. ಆದರೆ ಬಾಲ್ಯದ ಆ ಮನೆ ಉಳಿಯಲಿಲ್ಲ. 1885ರಲ್ಲಿ ತಂದೆ ತಾಯಿ ವಿಚ್ಛೇದನ ಪಡೆದರು. ತಂದೆ ಹೊರಟುಹೋದರು. ಆಮೇಲೆ ಅವರನ್ನು ತಾನು ನೋಡಲೇ ಇಲ್ಲವೆಂದು ಮಗ ಹೇಳಿಕೊಂಡಿದ್ದಾರೆ. ಹದಿನೆಂಟರ ಹುಡುಗನಿಗೆ ಅದೊಂದು ಗಾಯವಾಗಿರಲೇಬೇಕು. ಆ ಗಾಯದ ಬಗ್ಗೆ ಅವರು ಹೆಚ್ಚು ಮಾತಾಡಿದವರಲ್ಲ.

ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೇ ಬಿಟ್ಟು 1887ರಲ್ಲಿ ಶಿಕಾಗೋಗೆ ಬಂದ ರೈಟ್, ಕೆಲಕಾಲದಲ್ಲೇ ಆ ಕಾಲದ ದೊಡ್ಡ ವಾಸ್ತುಶಿಲ್ಪಿ ಲೂಯಿ ಸಲ್ಲಿವನ್ ಅವರ ಕಚೇರಿ ಸೇರಿದರು. 1889ರ ಜೂನ್ 1ರಂದು ಕ್ಯಾಥರೀನ್ ಟೋಬಿನ್ ಅವರನ್ನು ಮದುವೆಯಾದರು. ವರನಿಗೆ ಇಪ್ಪತ್ತೆರಡು ತುಂಬಲು ಒಂದು ವಾರ ಬಾಕಿ, ವಧುವಿಗೆ ಹದಿನೆಂಟು. ಸಲ್ಲಿವನ್ ಅವರಿಂದ 5,000 ಡಾಲರ್ ಸಾಲ ಪಡೆದು ಶಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ ಮನೆ ಕಟ್ಟಿದರು. ಮಕ್ಕಳು ಒಬ್ಬರ ಹಿಂದೊಬ್ಬರು ಬಂದರು: ಲಾಯ್ಡ್, ಜಾನ್, ಕ್ಯಾಥರೀನ್, ಡೇವಿಡ್, ಫ್ರಾನ್ಸೆಸ್; 1903ರಲ್ಲಿ ಕಿರಿಯವನಾದ ಲ್ಯುವೆಲಿನ್. ಒಟ್ಟು ಆರು ಮಂದಿ.

ಮನೆ ಚಿಕ್ಕದಾಯಿತು. 1895ರಲ್ಲಿ ರೈಟ್ ಅದನ್ನು ವಿಸ್ತರಿಸಿದರು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಅತಿಥಿಗಳನ್ನು ಕೂರಿಸಲು ದೊಡ್ಡ ಹಾಲ್ ಕಟ್ಟುತ್ತಿದ್ದೆವು, ಅಲ್ಲಿ ಷೋಕೇಸ್ ಇಡುತ್ತಿದ್ದೆವು. ರೈಟ್ ಕೆಳಗೆ ಅಡುಗೆಮನೆ, ಊಟದ ಮನೆ ಸರಿಪಡಿಸಿ, ಮೇಲಿನ ಅಂತಸ್ತಿನ ಅತ್ಯಂತ ಚೆಂದದ ಜಾಗವನ್ನು ಮಕ್ಕಳ ಆಟಕ್ಕೆ ಕೊಟ್ಟರು. ಅಲ್ಲಿಗೆ ಹೋಗಲು ಇಕ್ಕಟ್ಟಾದ, ತಗ್ಗಾದ, ಮಬ್ಬುಗತ್ತಲಿನ ಓಣಿ. ಅದನ್ನು ದಾಟಿದೊಡನೆ ಚರ್ಚಿನ ಕಮಾನಿನಂತೆ ಎತ್ತರಕ್ಕೆ ಬಾಗಿದ ಛಾವಣಿಯ ವಿಶಾಲ ಕೋಣೆ. ಕಿಟಕಿಗಳು ಮಾತ್ರ ಬಲು ತಗ್ಗಿನಲ್ಲಿ, ನೆಲದ ಮೇಲೆ ಕುಳಿತ ಮಗುವಿನ ಕಣ್ಣಿಗೆ ಮರದ ಎಲೆಗಳು ಕಾಣುವಂತೆ. ಒಲೆಗೂಡಿನ ಮೇಲೆ ಅರೇಬಿಯನ್ ನೈಟ್ಸ್ ಕಥೆಯ ಬೆಸ್ತ ಮತ್ತು ಭೂತದ ಚಿತ್ರ. ಆಡಲು ಜಾಗ ಉಳಿಯಲೆಂದು ಪಿಯಾನೋವನ್ನು ಗೋಡೆಯೊಳಗೇ ತೂರಿಸಿದ್ದರು. ಅದರ ಹಿಂಭಾಗ ಆಚೆಯ ಮೆಟ್ಟಿಲಿನ ಮೇಲೆ ತೂಗಾಡುತ್ತಿತ್ತು! ಹಿಂದೆ ಒಂದು ಅಟ್ಟಣಿಗೆ. ಮಕ್ಕಳು ನಾಟಕ ಆಡಿದರೆ ನೋಡುವವರು ಅಲ್ಲಿ ಕೂರುತ್ತಿದ್ದರು.

ಅದೇ ಕೋಣೆಯಲ್ಲಿ ಫ್ರೋಬೆಲ್ ಬ್ಲಾಕುಗಳು ಮತ್ತೆ ಹೊರಬಂದವು. ಕ್ಯಾಥರೀನ್ ಅಲ್ಲಿ ತಮ್ಮ ಮಕ್ಕಳಿಗೂ ನೆರೆಮನೆಯ ಮಕ್ಕಳಿಗೂ ಶಿಶುವಿಹಾರ ನಡೆಸಿದರು. ತಂದೆ ಕೆಲಸದಿಂದ ಬಿಡುವಾದಾಗ ಮಕ್ಕಳೊಡನೆ ನೆಲದ ಮೇಲೆ ಕುಳಿತು ಕಟ್ಟಿದರು, ಪಿಯಾನೋ ಬಾರಿಸಿದರು, ಗದ್ದಲ ಮಾಡಿದರು. ಅವರಂಥ ಸೊಗಸಿನ ಆಟದ ಸಂಗಾತಿ ಇನ್ನೊಬ್ಬರಿಲ್ಲ ಎಂಬಂತೆಯೇ ಮಗ ಜಾನ್ ಮುಂದೆ ಆ ದಿನಗಳನ್ನು ನೆನೆದಿದ್ದಾರೆ. ಒಂಬತ್ತರ ವಯಸ್ಸಿನಲ್ಲಿ ಒಬ್ಬನೇ ಕುಳಿತು ಆಡಿದ ಆಟವನ್ನು ಈಗ ಆರು ಮಕ್ಕಳ ನಡುವೆ ಆಡುವ ಭಾಗ್ಯ!

ಈ ವರ್ಷಗಳಲ್ಲೇ ಅವರ ಕೈಗೆ ಕಳೆ ಬಂತು ಎಂಬುದು ಆಕಸ್ಮಿಕವಲ್ಲ ಎಂದು ನನ್ನ ಭಾವನೆ. 1898ರಲ್ಲಿ ಮನೆಗೆ ಅಂಟಿಕೊಂಡೇ ಕಚೇರಿ ಕಟ್ಟಿಕೊಂಡರು. ಒಂದು ಬಾಗಿಲಾಚೆ ನಕ್ಷೆ, ಇನ್ನೊಂದು ಬಾಗಿಲಾಚೆ ಮಕ್ಕಳ ಕಲರವ. ಉದ್ದುದ್ದ ಮಲಗಿದಂತೆ ನೆಲಕ್ಕೆ ಹತ್ತಿರವಾದ, ಅಡ್ಡಗೋಡೆಗಳು ಕಡಿಮೆಯಿರುವ ಅವರ ಮನೆಗಳು ಹೆಸರಾದವು. 1905ರಲ್ಲಿ ಓಕ್ ಪಾರ್ಕ್‌ನ ಒಂದು ಪ್ರಾರ್ಥನಾ ಮಂದಿರ ಸಿಡಿಲಿನಿಂದ ಸುಟ್ಟುಹೋದಾಗ ಹೊಸದನ್ನು ಕಟ್ಟುವ ಕೆಲಸ ರೈಟ್ ಅವರಿಗೆ ಬಂತು. ಅದೇ ಯೂನಿಟಿ ಟೆಂಪಲ್. ಪವಿತ್ರ ತ್ರಿತ್ವವನ್ನು ಒಪ್ಪದ ಯೂನಿಟೇರಿಯನ್ ಪಂಥದವರ ಮಂದಿರ ಅದು, ಗೋಪುರವಿಲ್ಲ, ಶಿಲುಬೆಯಿಲ್ಲ. ಆದರೂ ಹಣ ಕಡಿಮೆಯಿದ್ದ ಸಭೆಗೆ ಬರೀ ಕಾಂಕ್ರೀಟಿನಲ್ಲಿ, ಒಂದೇ ಅಚ್ಚನ್ನು ಮತ್ತೆ ಮತ್ತೆ ಬಳಸಿ, ಘನಗಳನ್ನು ಜೋಡಿಸಿದಂತೆ ಅದನ್ನು ಎಬ್ಬಿಸಿದ ಬಗೆಯನ್ನು ಯಾರೂ ಮೆಚ್ಚಬೇಕು. ಫ್ರೋಬೆಲ್ ಬ್ಲಾಕುಗಳನ್ನು ಆ ಕಟ್ಟಡದ ಚಿತ್ರದ ಪಕ್ಕ ಇಟ್ಟು ತೋರಿಸಿದ ವಿದ್ವಾಂಸರಿದ್ದಾರೆ. ನೋಡಿದವರಿಗೆ ವಿವರಣೆ ಬೇಕಾಗದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಮಾದರಿ ತಂದೆಯ ಕಥೆಯಾಗುತ್ತಿತ್ತು.

1909ರ ಶರತ್ಕಾಲದಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ರೈಟ್ ಹೆಂಡತಿಯನ್ನೂ ಆರು ಮಕ್ಕಳನ್ನೂ ಬಿಟ್ಟು ಯೂರೋಪಿಗೆ ಹೋದರು. ಜೊತೆಗೆ ಹೋದವರು ಮೇಮಾ ಬಾರ್ತ್‌ವಿಕ್ ಚೇನಿ. ಹಿಂದೆ ರೈಟ್ ಅವರಿಂದ ಮನೆ ಕಟ್ಟಿಸಿಕೊಂಡಿದ್ದ ಒಬ್ಬರ ಪತ್ನಿ, ಇಬ್ಬರು ಮಕ್ಕಳ ತಾಯಿ. ಲ್ಯುವೆಲಿನ್‌ಗೆ ಆಗ ಆರು ವರ್ಷವೂ ತುಂಬಿರಲಿಲ್ಲ. ಮನೆಯಲ್ಲಿ ದಿನಸಿ ಅಂಗಡಿಯ ಬಾಕಿ ಚೀಟಿ ಉಳಿಯಿತು. ತನ್ನೊಳಗಿನ ವಾಸ್ತುಶಿಲ್ಪಿಯ ಮುಂದೆ ತಂದೆ ಎಂಬವನು ನಿಲ್ಲಲಾರದೆ ಹೋದ ಎಂಬ ಅರ್ಥದಲ್ಲಿ ರೈಟ್ ಮುಂದೆ ಒಪ್ಪಿಕೊಂಡರು. ಮಕ್ಕಳಿಗಾಗಿ ಅಂಥ ಕೋಣೆ ಕಟ್ಟಿದವರು ಬರೆದ ಮಾತು ಇದೇ ಎಂದು ಓದುವಾಗ ನಂಬುವುದು ಕಷ್ಟ. ಆದರೆ ಕೋಣೆ ಕಟ್ಟಿಕೊಡುವುದು ಬೇರೆ, ಆ ಕೋಣೆಯಲ್ಲಿ ಪ್ರತಿ ಸಂಜೆ ಇರುವುದು ಬೇರೆ. ಮೊದಲನೆಯದಕ್ಕೆ ಪ್ರತಿಭೆ ಸಾಕು. ತಮ್ಮ ಕಾಲದ ಕಟ್ಟುಪಾಡುಗಳು ಅವರನ್ನು ಉಸಿರುಗಟ್ಟಿಸಿದವು ಎಂದು ಅವರ ಪರವಾಗಿ ವಾದಿಸುವವರಿದ್ದಾರೆ. ಅವರ ಕಷ್ಟವನ್ನು ಅಲ್ಲಗಳೆಯಲು ನಾನು ಯಾರು? ಆದರೆ ಕುಟುಂಬಗಳ ಜಗಳ ಬಿಡಿಸಿ ಬಿಡಿಸಿ ಸೋತ ಒಬ್ಬ ಗುರುವಾಗಿ, ಆ ಆರು ವರ್ಷ ತುಂಬದ ಮಗುವಿನ ಕಡೆಗೇ ನನ್ನ ಮನಸ್ಸು ಹೋಗುತ್ತದೆ.

ಹಿರಿಯ ಮಗ ಲಾಯ್ಡ್ 1910ರಲ್ಲಿ ಇಟಲಿಗೆ ಹೋಗಿ, ಫ್ಲಾರೆನ್ಸ್ ಬಳಿ ತಂದೆಯ ಕಟ್ಟಡಗಳ ನಕ್ಷೆಗಳನ್ನು ಪುಸ್ತಕಕ್ಕಾಗಿ ಬರೆದುಕೊಟ್ಟ. ಸಿಟ್ಟಿಗಿಂತ ಆ ಗೆರೆಗಳ ಮೇಲಿನ ಪ್ರೀತಿಯೇ ದೊಡ್ಡದಾಯಿತೋ ಏನೋ. ಮರಳಿ ಬಂದ ರೈಟ್ ಓಕ್ ಪಾರ್ಕಿನ ಮನೆಯಲ್ಲಿ ನಿಲ್ಲಲಿಲ್ಲ. 1911ರಲ್ಲಿ ಆ ಕಟ್ಟಡವನ್ನು ಎರಡು ಭಾಗ ಮಾಡಿದರು: ಕಚೇರಿಯಾಗಿದ್ದ ಭಾಗದಲ್ಲಿ ಕ್ಯಾಥರೀನ್ ಮತ್ತು ಮಕ್ಕಳು ವಾಸಿಸುವುದು, ಹಳೆಯ ಮನೆಯ ಭಾಗವನ್ನು ಬಾಡಿಗೆಗೆ ಕೊಟ್ಟು ಸಂಸಾರಕ್ಕೆ ಆದಾಯ ಮಾಡಿಕೊಳ್ಳುವುದು. ಆಟದ ಕೋಣೆ ಇದ್ದದ್ದು ಹಳೆಯ ಮನೆಯ ಭಾಗದಲ್ಲಿ.

1912ರಲ್ಲಿ ಶಿಕಾಗೋ ಬಳಿಯ ರಿವರ್‌ಸೈಡ್‌ನಲ್ಲಿ ರೈಟ್ ಒಂದು ಶಿಶುವಿಹಾರ ಕಟ್ಟಿಕೊಟ್ಟರು. ಕೂನ್ಲಿ ಪ್ಲೇಹೌಸ್ ಎಂದು ಅದಕ್ಕೆ ಹೆಸರು. ಅದರ ಬಣ್ಣದ ಗಾಜಿನ ಕಿಟಕಿಗಳಲ್ಲಿ ಕೆಂಪು, ನೀಲಿ, ಹಸಿರು ವೃತ್ತಗಳು ಬಲೂನುಗಳಂತೆ ತೇಲುತ್ತವೆ, ನಡುನಡುವೆ ಪುಟ್ಟ ಬಾವುಟ. ಮಕ್ಕಳ ಸಂತೋಷವನ್ನು ಗಾಜಿನಲ್ಲಿ ಇಷ್ಟು ಚೆನ್ನಾಗಿ ಹಿಡಿದವರು ಕಡಿಮೆ. ಅವುಗಳಲ್ಲಿ ಕೆಲವು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ತನ್ನ ಮಕ್ಕಳ ಮನೆ ಬಿಟ್ಟು ಮೂರು ವರ್ಷವಾಗಿದ್ದ ಕೈಗಳು ಅವನ್ನು ಬರೆದವು ಎಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ಇಂದಿಗೂ ತಿಳಿಯದು.

ತಾಯಿಯ ಕಡೆಯವರ ಕಣಿವೆಯಲ್ಲಿ, ವಿಸ್ಕಾನ್ಸಿನ್‌ನ ಸ್ಪ್ರಿಂಗ್ ಗ್ರೀನ್ ಬಳಿ, ರೈಟ್ ತಮಗೂ ಮೇಮಾ ಅವರಿಗೂ ಟಾಲಿಯೆಸಿನ್ ಎಂಬ ಮನೆ ಕಟ್ಟಿಸಿದ್ದರು. 1914ರ ಆಗಸ್ಟ್ 15, ನಮಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಅಂದು ಆ ಮನೆಯ ಕೆಲಸದವನೊಬ್ಬ ಬೆಂಕಿ ಹಚ್ಚಿ, ಕೊಡಲಿಯಿಂದ ಕಡಿದು ಏಳು ಮಂದಿಯನ್ನು ಕೊಂದ. ಮೇಮಾ, ಬೇಸಿಗೆ ರಜೆಗೆ ತಾಯಿಯ ಬಳಿ ಬಂದಿದ್ದ ಅವರ ಇಬ್ಬರು ಮಕ್ಕಳು, ಎಲ್ಲರೂ ಹೋದರು. ಸುದ್ದಿ ಬಂದಾಗ ರೈಟ್ ಶಿಕಾಗೋದಲ್ಲಿ ಮಿಡ್‌ವೇ ಗಾರ್ಡನ್ಸ್ ಕಟ್ಟಡದ ಕೆಲಸದಲ್ಲಿದ್ದರು. ಪಕ್ಕದಲ್ಲಿದ್ದವನು ಎರಡನೆಯ ಮಗ ಜಾನ್. ಇಪ್ಪತ್ತೊಂದರ ಆ ಹುಡುಗನೇ ತಂದೆಯನ್ನು ರೈಲು ಹತ್ತಿಸಿ ಜೊತೆಗೆ ಹೋದ. ಐದು ವರ್ಷದ ಹಿಂದೆ ತಂದೆ ಬಿಟ್ಟುಹೋಗಿದ್ದ ಮಗ.

ಜಾನ್ ಮೇಲೆ ನನಗೆ ವಿಶೇಷ ಪ್ರೀತಿ. ತಂದೆ ಟೋಕಿಯೋದಲ್ಲಿ ಇಂಪೀರಿಯಲ್ ಹೋಟೆಲ್ ಕಟ್ಟಲು ಹೊರಟಾಗ ಜೊತೆಗೆ ದುಡಿದರು. ಭೂಕಂಪದ ನಾಡಿನಲ್ಲಿ ತೊಲೆಯ ಮೇಲೆ ತೊಲೆ ಕಚ್ಚಿಕೊಳ್ಳುವಂತೆ ಜೋಡಿಸುವ ವಿಧಾನವನ್ನು ಹತ್ತಿರದಿಂದ ಕಂಡರು. ಅಷ್ಟರಲ್ಲಿ ಸಂಬಳದ ವಿಷಯಕ್ಕೆ ತಂದೆ ಮಗನಿಗೆ ಜಗಳವಾಯಿತು. ತನಗೆ ಬರಬೇಕಾದ ಹಣವನ್ನು ಜಾನ್ ತಾನೇ ಹಿಡಿದುಕೊಂಡದ್ದಕ್ಕೆ ರೈಟ್ ಮಗನನ್ನು ಕೆಲಸದಿಂದ ತೆಗೆದುಹಾಕಿದರು. ಊರಿಗೆ ಮರಳಿದ ಜಾನ್ ಮಾಡಿದ್ದೇನು ಗೊತ್ತೇ? ಮಕ್ಕಳಿಗೆ ಆಟಿಕೆ. ತುದಿಗಳಲ್ಲಿ ಕಚ್ಚು ಮಾಡಿದ ಪುಟ್ಟ ಪುಟ್ಟ ಮರದ ದಿಮ್ಮಿಗಳು; ಒಂದರ ಕಚ್ಚಿನಲ್ಲಿ ಇನ್ನೊಂದನ್ನು ಕೂರಿಸಿ ಗುಡಿಸಲು ಕಟ್ಟಬಹುದು, ಅಲುಗಿಸಿದರೂ ಬೀಳದು. ಲಿಂಕನ್ ಲಾಗ್ಸ್ ಎಂಬ ಹೆಸರಿನಲ್ಲಿ ಅವು ಮಾರುಕಟ್ಟೆಗೆ ಬಂದವು, 1920ರಲ್ಲಿ ಪೇಟೆಂಟ್ ಸಿಕ್ಕಿತು. ಅಮೆರಿಕದ ಎಷ್ಟೋ ತಲೆಮಾರಿನ ಮಕ್ಕಳು ಅವುಗಳೊಂದಿಗೆ ಬೆಳೆದರು. ಅಜ್ಜಿ ಆನ್ನಾ ಫಿಲಡೆಲ್ಫಿಯಾದಲ್ಲಿ ಕೊಂಡ ಮರದ ತುಂಡುಗಳು ಮಗನನ್ನು ದಾಟಿ ಮೊಮ್ಮಗನ ಕೈಯಲ್ಲಿ ಹೊಸ ಆಟವಾಗಿ ನಿಂತವು. ಇಂಪೀರಿಯಲ್ ಹೋಟೆಲ್ 1923ರ ಭಾರಿ ಭೂಕಂಪದಲ್ಲಿ ಉಳಿದು ತಂದೆಗೆ ಲೋಕವಿಖ್ಯಾತಿ ತಂದಿತು. 1968ರ ಹೊತ್ತಿಗೆ ಅದನ್ನು ಕೆಡವಿದರು. ಮಗನ ಆಟಿಕೆ ಅದಕ್ಕಿಂತ ಹೆಚ್ಚು ಬಾಳಿತು.

ಜಾನ್ ತಂದೆಯ ಬಗ್ಗೆ 1946ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದರ ಹೆಸರಿನ ಅರ್ಥ, ಭೂಮಿಯ ಮೇಲಿರುವ ನನ್ನ ತಂದೆ. ಪ್ರಭು ಯೇಸು ಕಲಿಸಿದ ಪ್ರಾರ್ಥನೆಯನ್ನು ಹೇಳಿ ಬೆಳೆದವರಿಗೆ ಅದರಲ್ಲಿರುವ ತುಂಟತನವೂ ನೋವೂ ಒಟ್ಟಿಗೇ ತಿಳಿಯುತ್ತವೆ. ಬೈಯುವ ಪುಸ್ತಕವಲ್ಲ ಅದು. ತಪ್ಪುಗಳನ್ನು ಮುಚ್ಚಿಡದೆಯೇ ತಂದೆಯನ್ನು ಪ್ರೀತಿಸಿದ ಮಗನ ಪುಸ್ತಕ.

ರೈಟ್ ಅವರ ಉಳಿದ ಬದುಕನ್ನು ವಾಸ್ತುಶಿಲ್ಪದ ಪುಸ್ತಕಗಳು ಹೇಳುತ್ತವೆ. ಕ್ಯಾಥರೀನ್ ವಿಚ್ಛೇದನಕ್ಕೆ ಒಪ್ಪಿದ್ದು 1922ರಲ್ಲಿ, ಹದಿಮೂರು ವರ್ಷ ಕಾದ ಮೇಲೆ. ಅನಂತರ ರೈಟ್ ಇನ್ನೆರಡು ಮದುವೆಯಾದರು, ಸಾಲ ಮಾಡಿದರು, ಮತ್ತೆ ಎದ್ದು ನಿಂತರು. ಜಲಪಾತದ ಮೇಲೆ ಕಟ್ಟಿದ ಫಾಲಿಂಗ್‌ವಾಟರ್ ಮನೆಯ ನಕ್ಷೆ ಬರೆದಾಗ ಅವರಿಗೆ ಅರವತ್ತೆಂಟು. ಅವರ ಎಂಟು ಕಟ್ಟಡಗಳು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಯೂನಿಟಿ ಟೆಂಪಲ್ ಅವುಗಳಲ್ಲಿ ಒಂದು.

ಒಂದು ಸಂಗತಿಯನ್ನು ಮಾತ್ರ ಬಿಡಲಾರೆ. ಎಂಬತ್ತರ ಆಸುಪಾಸಿನಲ್ಲಿ ರೈಟ್ ಮತ್ತೆ ಮಕ್ಕಳಿಗಾಗಿ ಕಟ್ಟತೊಡಗಿದರು. ನಾಲ್ಕನೆಯವನಾದ ಡೇವಿಡ್ ಕಾಂಕ್ರೀಟ್ ಬ್ಲಾಕಿನ ಉದ್ಯಮದಲ್ಲಿ ದುಡಿಯುತ್ತಿದ್ದರು. ಅವರಿಗೆ ಅರಿಜೋನಾದ ಫೀನಿಕ್ಸ್‌ನಲ್ಲಿ ಕಾಂಕ್ರೀಟ್ ಬ್ಲಾಕುಗಳಿಂದಲೇ, ಶಂಖದಂತೆ ಸುತ್ತಿ ಮೇಲೇರುವ ಮನೆಯನ್ನು 1952ರ ಹೊತ್ತಿಗೆ ಕಟ್ಟಿಕೊಟ್ಟರು. ವಕೀಲನಾದ ಕಿರಿಯ ಮಗ ಲ್ಯುವೆಲಿನ್‌ಗೂ ಮೇರಿಲೆಂಡ್‌ನ ಬೆಥೆಸ್ಡಾದಲ್ಲಿ ಒಂದು ಮನೆಯ ನಕ್ಷೆ ಬರೆದರು. ತಂದೆ ಹೊರಟುಹೋದ ದಿನ ಐದು ವರ್ಷದವನಾಗಿದ್ದ ಮಗ ಅವನು. ಆ ಮನೆ ಎದ್ದಾಗ ಅವನಿಗೆ ಐವತ್ತು ದಾಟಿತ್ತು. ಕೇಳಿದ್ದು ಯಾರು, ಕ್ಷಮಿಸಿದ್ದು ಯಾರು ಎಂಬುದು ಆ ಕುಟುಂಬದ ಒಳಗಿನ ಮಾತು.

1959ರ ಮಾರ್ಚ್‌ನಲ್ಲಿ ಕ್ಯಾಥರೀನ್ ತೀರಿಕೊಂಡರು. ಎರಡು ವಾರ ಕಳೆದು, ಏಪ್ರಿಲ್ 9ರಂದು, ರೈಟ್ ತೊಂಬತ್ತೊಂದನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಓಕ್ ಪಾರ್ಕಿನ ಮನೆ ಕೈಯಿಂದ ಕೈಗೆ ಹೋಗಿ, ಒಡೆದು ಹಂಚಿಕೆಯಾಗಿ, ಕೊನೆಗೆ 1974ರಲ್ಲಿ ಅದನ್ನು ಉಳಿಸುವವರ ವಶಕ್ಕೆ ಬಂತು. ಮನೆಯನ್ನು ಯಾವ ವರ್ಷದ ರೂಪಕ್ಕೆ ತರಬೇಕೆಂಬ ಪ್ರಶ್ನೆ ಎದ್ದಾಗ ಅವರು ಆರಿಸಿಕೊಂಡದ್ದು 1909ನ್ನು, ಎಂಟೂ ಮಂದಿ ಒಂದೇ ಸೂರಿನಡಿ ಇದ್ದ ಕೊನೆಯ ವರ್ಷವನ್ನು. ಇಂದು ಅಲ್ಲಿಗೆ ಹೋದವರು ಅದೇ ತಗ್ಗಾದ ಓಣಿಯಲ್ಲಿ ತಲೆ ತಗ್ಗಿಸಿ ನಡೆದು ಆ ಎತ್ತರದ ಕೋಣೆಗೆ ಕಾಲಿಡುತ್ತಾರೆ. ದೊಡ್ಡವರು ನಿಂತು ನೋಡಿದರೆ ಕಿಟಕಿಗಳು ತೀರ ಕೆಳಗಾಗುತ್ತವೆ. ಹೊರಗಿನ ಮರ ಸರಿಯಾಗಿ ಕಾಣಬೇಕಾದರೆ ನೆಲದ ಮೇಲೆ ಕೂರಬೇಕು.